ಸಂಕಟಕ್ಕಷ್ಟೇ ಸಾಕಾದ ವೆಂಕಟರಮಣ

'ಸಂಕಟ ಬಂದಾಗ ವೆಂಕಟರಮಣ' ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಗೇಲಿಗೆ. ಕಾಲ ಚೆನ್ನಾಗಿದ್ದಾಗ ದೇವರ ಕಡೆ ತಲೆ ಹಾಕದವನು ಕಾಲು ಜಾರಿದ ಕೂಡಲೇ ಮುಡಿಪು ಕಟ್ಟಲು ಓಡುತ್ತಾನಲ್ಲ, ಅವನನ್ನು ನೋಡಿ ಹುಟ್ಟಿದ ಗಾದೆ ಅದು. ಈಗ ಆ ಗೇಲಿಯೇ ಉಪದೇಶವಾಗಿದೆ. ಬೆಳಗಿನ ಟಿ.ವಿ. ಪ್ರವಚನದಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುಪ್ರಭಾತದ ಚಿತ್ರಗಳಲ್ಲಿ, ಕಂಪನಿಗಳು ನಡೆಸುವ ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಕೇಳಿಸುವ ಮಾತು ಒಂದೇ: ಕಷ್ಟ ಬಂದಿದೆಯೇ, ನಂಬು, ನಂಬಿದರೆ ನೆಮ್ಮದಿ, ನೆಮ್ಮದಿಯಿಂದ ಧೈರ್ಯ, ಧೈರ್ಯದಿಂದ ಯಶಸ್ಸು, ಕೊನೆಗೆ ಎಲ್ಲವೂ ಒಳ್ಳೆಯದೇ ಆಗುತ್ತದೆ. ರಣರಂಗದ ನಡುವೆ ನಿಂತು ಕೇಳಿದ ಪ್ರಶ್ನೆಗೆ ಉತ್ತರವಾಗಿ ಬಂದ ಗೀತೆ ಮ್ಯಾನೇಜರುಗಳ ಒತ್ತಡ ಇಳಿಸುವ ಸಾಧನವಾಗಿದೆ. ಊರು ಬಿಟ್ಟು ಓಡಬೇಕಾಗಿ ಬಂದವರ ವಚನಗಳು ನಿದ್ದೆ ಬರಿಸುವ ಹಿನ್ನೆಲೆ ಸಂಗೀತದ ಜೊತೆ ಬಿಕರಿಯಾಗುತ್ತಿವೆ. ಕೆಟ್ಟ ಕಾಲದಲ್ಲಿ ಶ್ರದ್ಧೆ ಮನುಷ್ಯನಿಗೆ ಧೈರ್ಯ ಕೊಡುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಅದು ಹೇಗೆ ಕೊಡುತ್ತದೆ ಎಂಬುದಕ್ಕೆ ಇವರು ಕೊಡುವ ವಿವರಣೆ ಮಾತ್ರ ಬುಡದಿಂದಲೇ ತಪ್ಪು. ತಪ್ಪು ವಿವರಣೆಯಿಂದ ಆಗುವ ಕೆಡುಕೂ ಸಣ್ಣದಲ್ಲ.

ತಮಾಷೆಯೆಂದರೆ, ಈ ವಿವರಣೆಯನ್ನು ಪ್ರವಚನಕಾರರಷ್ಟೇ ನಂಬಿಲ್ಲ, ಅವರನ್ನು ಕಂಡರಾಗದ ವಿಚಾರವಾದಿಗಳೂ ನಂಬಿದ್ದಾರೆ. ಧರ್ಮವನ್ನು ಜನರ ಅಫೀಮು ಎಂದು ಮಾರ್ಕ್ಸ್ 1844ರಲ್ಲಿ ಬರೆದ. ಅದರ ಹಿಂದುಮುಂದಿನ ಸಾಲುಗಳಲ್ಲಿ ನೊಂದವರ ನಿಟ್ಟುಸಿರಿನ ಬಗ್ಗೆ, ನೊಂದವರ ಪ್ರತಿಭಟನೆಯ ಬಗ್ಗೆ ಅವನು ಆಡಿದ ಮಾತು ಮರೆತುಹೋಗಿ ಅಫೀಮು ಮಾತ್ರ ಉಳಿದುಕೊಂಡಿತು. ಹೀಗಾಗಿ ಒಬ್ಬರು ಶ್ರದ್ಧೆಯನ್ನು ನೋವಿನ ಮಾತ್ರೆ ಎಂದು ಹೊಗಳಿ ಮಾರುತ್ತಾರೆ, ಇನ್ನೊಬ್ಬರು ನೋವಿನ ಮಾತ್ರೆ ಎಂದೇ ಬೈದು ಬಿಸಾಡುತ್ತಾರೆ. ಅದು ಮಾತ್ರೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ನನ್ನ ವಾದ ಇಬ್ಬರ ಜೊತೆಗೂ. ಇತಿಹಾಸದಲ್ಲಿ ಶ್ರದ್ಧೆಯಿಂದ ಧೈರ್ಯ ತಂದುಕೊಂಡ ಜನರನ್ನು ಹತ್ತಿರದಿಂದ ನೋಡಿದರೆ ಅವರಿಗೆ ನೆಮ್ಮದಿ ಸಿಕ್ಕಿದ್ದು ಕಾಣುವುದಿಲ್ಲ, ಗೆಲ್ಲುತ್ತೇವೆಂಬ ಭರವಸೆ ಇದ್ದದ್ದೂ ಕಾಣುವುದಿಲ್ಲ. ಕಾಣುವುದು ಒಂದು ಹೊಣೆ. ಇಂಥದ್ದನ್ನು ಮಾಡಲೇಬೇಕು, ಇಂಥದ್ದನ್ನು ಏನೇ ಆದರೂ ಮಾಡಕೂಡದು ಎಂದು ಮೊದಲೇ ತೀರ್ಮಾನವಾಗಿದ್ದ, ದಿನದಿನದ ಬದುಕಿನಲ್ಲಿ ರೂಢಿಯಾಗಿದ್ದ, ನಾಲ್ಕು ಜನರ ಜೊತೆ ಹಂಚಿಕೊಂಡಿದ್ದ ಹೊಣೆ.

ಮೊದಲು ಕಲ್ಯಾಣವನ್ನೇ ನೋಡೋಣ. ಹನ್ನೆರಡನೆಯ ಶತಮಾನದ ಆ ಹದಿನೈದಿಪ್ಪತ್ತು ವರ್ಷಗಳ ಬಗ್ಗೆ ಶಾಸನಗಳು ಹೇಳುವುದು ಕಡಿಮೆ. ಬಸವಣ್ಣನನ್ನು ಹೆಸರಿಸುವ ಅರ್ಜುನವಾಡದ ಶಾಸನವೂ 1260ರದ್ದು. ಹರಳಯ್ಯ ಮಧುವರಸರ ಮಕ್ಕಳ ಮದುವೆಯ ಕಥೆ, ಅದಕ್ಕಾಗಿ ಬಿಜ್ಜಳ ಕೊಟ್ಟ ಶಿಕ್ಷೆಯ ಕಥೆ ನಮಗೆ ದಕ್ಕಿರುವುದು ಆಮೇಲಿನ ಕಾವ್ಯ ಪುರಾಣಗಳಿಂದ, ಜನರ ನೆನಪಿನಿಂದ. ಆದರೂ ಒಂದು ವಿಷಯದಲ್ಲಿ ಪರಂಪರೆಗೆ ಗೊಂದಲವಿಲ್ಲ: ಶರಣರು ಗೆಲ್ಲಲಿಲ್ಲ. ಚಪ್ಪಲಿ ಹೊಲಿಯುವವನ ಮಗನಿಗೂ ಬ್ರಾಹ್ಮಣ ಮಂತ್ರಿಯ ಮಗಳಿಗೂ ಮದುವೆಯಾಯಿತು, ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು, ಬಸವಣ್ಣ ಕೂಡಲಸಂಗಮಕ್ಕೆ ಹೋಗಿ ಐಕ್ಯನಾದ, ಬಿಜ್ಜಳನ ಕೊಲೆಯಾಯಿತು, ಉಳಿದವರು ಚೆನ್ನಬಸವಣ್ಣನ ಜೊತೆ ಕಾಡುದಾರಿ ಹಿಡಿದು ಉಳವಿಯ ಕಡೆ ಹೊರಟರು. ನಂಬಿದರೆ ಒಳ್ಳೆಯದಾಗುತ್ತದೆ ಎಂಬ ಸಿದ್ಧಾಂತದ ಪ್ರಕಾರ ಇದು ಪೂರ್ತಿ ಸೋಲು. ನಂಬಿದವರಿಗೆ ಒಳ್ಳೆಯದಾಗಲಿಲ್ಲ. ಆ ಸೋಲಿನ ನಂತರ ಪಂಥ ಕರಗಿಹೋಗಬೇಕಿತ್ತು, ಮಾತೂ ಮಣ್ಣಾಗಬೇಕಿತ್ತು. ಆದದ್ದು ಬೇರೆ. ವಚನಗಳು ಓಲೆಗರಿಗಳಲ್ಲಿ ಮನೆಯಿಂದ ಮನೆಗೆ, ಮಠದಿಂದ ಮಠಕ್ಕೆ ದಾಟಿದವು. ಹದಿನೈದನೆಯ ಶತಮಾನದಲ್ಲಿ ಅವನ್ನು ಸಂವಾದವಾಗಿ ಹೆಣೆದು ಶೂನ್ಯಸಂಪಾದನೆ ಕಟ್ಟುವವರು ಹುಟ್ಟಿದರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಮನೆಮನೆಯಿಂದ ಹುಡುಕಿ ತಂದು 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಮಾಡಿಸಿದರು, ಈ ಕೆಲಸಕ್ಕಾಗಿ ಮನೆಯನ್ನೂ ಮಾರಿಕೊಂಡರು. ಒಳ್ಳೆಯದಾಗುವ ಆಸೆಯ ಮೇಲೆ ನಿಂತದ್ದಾಗಿದ್ದರೆ ಇದು ಕಲ್ಯಾಣದ ಬೀದಿಯಲ್ಲೇ ಮುಗಿಯುತ್ತಿತ್ತು.

ಹಾಗಿದ್ದರೆ ನಿಂತದ್ದು ಯಾವುದರ ಮೇಲೆ? ಶರಣರ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ. ಕಸುಬೇ ಹೆಸರು. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ನಮಗೇಕೆ ಈ ಆಸೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ವಾಪಸು ಕಳಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಇದರಲ್ಲಿ ಯುದ್ಧವಿಲ್ಲ, ಪವಾಡವಿಲ್ಲ, ಸಂಕಟವೂ ಇಲ್ಲ. ಒಂದು ಹಿಡಿ ಅಕ್ಕಿಯ ಲೆಕ್ಕ ಅಷ್ಟೆ. ನನ್ನ ಮಟ್ಟಿಗೆ ಕಲ್ಯಾಣದ ಧೈರ್ಯದ ಗುಟ್ಟು ಇರುವುದು ಇಲ್ಲಿ. ಸಾಧಾರಣ ದಿನದಲ್ಲಿ ಹಿಡಿ ಅಕ್ಕಿ ಹಿಂದಿರುಗಿಸಿ ರೂಢಿಯಾದವರಿಗೆ, ಅರಮನೆ ಎದುರಾದ ದಿನ ಏನು ಮಾಡಬೇಕೆಂದು ಹೊಸದಾಗಿ ಯೋಚಿಸಬೇಕಾಗಿ ಬರುವುದಿಲ್ಲ. ಬಸವಣ್ಣನ ವಚನಗಳಲ್ಲಿ ಅಳುಕಿದೆ, ಸಂಶಯವಿದೆ, ತನ್ನನ್ನು ತಾನೇ ಬೈದುಕೊಳ್ಳುವ ಕಟುತನವಿದೆ, ನೆಮ್ಮದಿಯ ಸುಳಿವು ಬಲು ಕಡಿಮೆ. ನೆಮ್ಮದಿಯೇ ಧೈರ್ಯದ ತಾಯಿಯಾಗಿದ್ದರೆ ಅವನಷ್ಟು ಅಧೀರ ಇನ್ನೊಬ್ಬನಿರುತ್ತಿರಲಿಲ್ಲ.

ಇದು ಪುರಾಣ, ನೆನಪು, ಅಭಿಮಾನ ಎಲ್ಲ ಕಲಸಿದ ಕಥೆ ಎಂದು ಯಾರಾದರೂ ತಳ್ಳಿಹಾಕಬಹುದು. ಸರಿ, ದಾಖಲೆ ಬೇಕೆನ್ನುವವರಿಗೆ ತೀರಾ ಈಚಿನ ಪ್ರಕರಣವೊಂದಿದೆ. ಫ್ರಾನ್ಸಿನ ಬೆಟ್ಟಸೀಮೆಯಲ್ಲಿ ಲ ಶಾಂಬೋನ್ ಎಂಬ ಹಳ್ಳಿ. ಅಲ್ಲಿಯ ಬಹುಪಾಲು ಜನ ಪ್ರಾಟೆಸ್ಟೆಂಟರು, ಕ್ಯಾಥೊಲಿಕ್ ದೇಶದಲ್ಲಿ ಅಲ್ಪಸಂಖ್ಯಾತರು. 1940ರ ಜೂನ್ 22ರಂದು ಫ್ರಾನ್ಸ್ ಹಿಟ್ಲರನ ಜೊತೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಆ ಹಳ್ಳಿಯ ಪಾದ್ರಿ ಆಂದ್ರೆ ಟ್ರೊಕ್ಮೆ ಮತ್ತು ಸಹಪಾದ್ರಿ ಎದುವಾರ್ ಟೈಸ್ ಚರ್ಚಿನಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: ನಮ್ಮ ಆತ್ಮಸಾಕ್ಷಿಯನ್ನು ಬಲಾತ್ಕರಿಸಿದರೆ ಆತ್ಮದ ಆಯುಧಗಳಿಂದಲೇ ಎದುರಿಸುವುದು ಕ್ರೈಸ್ತನ ಕರ್ತವ್ಯ. ಹಿಟ್ಲರ್ ಸೋಲುತ್ತಾನೆಂದು ಹೇಳಲು ಅಂದು ಯಾವ ಆಧಾರವೂ ಇರಲಿಲ್ಲ. ಯುರೋಪಿನ ಬಹುಭಾಗ ಅವನ ಕೈಯಲ್ಲಿತ್ತು. ಎಲ್ಲ ಒಳ್ಳೆಯದಾಗುತ್ತದೆ ಎಂದು ಆ ಭಾನುವಾರ ಯಾರಾದರೂ ಹೇಳಿದ್ದರೆ ಅದು ಮೂರ್ಖತನವಾಗುತ್ತಿತ್ತು. ಪಾದ್ರಿಗಳು ಹೇಳಿದ್ದು ಮುಂದೆ ಆಗುವುದನ್ನಲ್ಲ, ಮುಂದೆ ಮಾಡಬೇಕಾದದ್ದನ್ನು.

ಮಾಡಬೇಕಾದದ್ದು ಬಾಗಿಲು ತಟ್ಟಿಕೊಂಡೇ ಬಂತು. ಆ ಚಳಿಗಾಲದ ಒಂದು ಸಂಜೆ ಹಿಮದಲ್ಲಿ ನೆನೆದ ಜರ್ಮನ್ ಯಹೂದಿ ಹೆಂಗಸೊಬ್ಬಳು ಪಾದ್ರಿಮನೆಯ ಬಾಗಿಲಿಗೆ ಬಂದಳು. ಟ್ರೊಕ್ಮೆಯ ಹೆಂಡತಿ ಮ್ಯಾಗ್ಡಾ ಒಳಗೆ ಕರೆದು ಊಟ ಕೊಟ್ಟಳು, ಒದ್ದೆ ಬೂಟುಗಳನ್ನು ಒಲೆಯ ಬಳಿ ಒಣಗಲು ಇಟ್ಟಳು. ಬೂಟು ಸುಟ್ಟುಹೋಯಿತು. ಯುದ್ಧಕಾಲದಲ್ಲಿ ಬೂಟು ಸಿಗುವುದೆಂದರೆ ಸಾಮಾನ್ಯವಲ್ಲ, ಅದಕ್ಕಾಗಿ ಊರೆಲ್ಲ ಅಲೆಯಬೇಕಾಯಿತು. ಗುರುತಿನ ಚೀಟಿ ಮಾಡಿಸಿಕೊಡಲು ಮೇಯರನ ಬಳಿ ಹೋದರೆ, ಊರಿಗೇ ಅಪಾಯ ತರುತ್ತೀಯಲ್ಲ, ಅವಳನ್ನು ಮೊದಲು ಸಾಗಹಾಕು ಎಂದು ಅವನು ಗದರಿದ. ವೀರಗಾಥೆಯಂತೆ ಕಾಣುತ್ತದೆಯೇ ಇದು? ಸುಟ್ಟ ಬೂಟು, ಗದರಿದ ಮೇಯರ್. ಆದರೆ ಅಲ್ಲಿಂದ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ತೋಟದ ಮನೆಗಳಲ್ಲಿ, ವಸತಿಗೃಹಗಳಲ್ಲಿ, ಪಾದ್ರಿಗಳು 1938ರಲ್ಲೇ ತೆರೆದಿದ್ದ ಶಾಲೆಯಲ್ಲಿ ಸಾವಿರಾರು ಜನರಿಗೆ ಆಸರೆ ಸಿಕ್ಕಿತು. ಸುಳ್ಳು ಗುರುತುಚೀಟಿ, ಪಡಿತರ ಚೀಟಿ ತಯಾರಾದವು, ಕೆಲವರನ್ನು ಗಡಿ ದಾಟಿಸಿ ಸ್ವಿಟ್ಜರ್ಲೆಂಡಿಗೆ ಕಳಿಸಲಾಯಿತು. ಯಹೂದಿಗಳ ಪಟ್ಟಿ ಕೊಡು ಎಂದು ಅಧಿಕಾರಿಗಳು ಕೇಳಿದಾಗ, ಯಹೂದಿ ಯಾರೋ ನಮಗೆ ಗೊತ್ತಿಲ್ಲ, ಮನುಷ್ಯರಷ್ಟೇ ಗೊತ್ತು ಎಂಬರ್ಥದ ಉತ್ತರ ಕೊಟ್ಟ ಟ್ರೊಕ್ಮೆಯನ್ನು 1943ರ ಫೆಬ್ರವರಿಯಲ್ಲಿ ಹಿಡಿದೊಯ್ದರು. ಬಂಧಿಸಲು ಬಂದ ಪೊಲೀಸರಿಗೂ ಮ್ಯಾಗ್ಡಾ ಊಟ ಬಡಿಸಿದಳು. ಸರ್ಕಾರದ ಆಜ್ಞೆ ಪಾಲಿಸುತ್ತೇನೆಂದು ಸಹಿ ಹಾಕಿದರೆ ಬಿಡುತ್ತೇವೆ ಎಂದರು, ಪಾದ್ರಿಗಳಿಬ್ಬರೂ ಹಾಕಲಿಲ್ಲ. ಬೆಲೆ ತೆರಬೇಕಾಯಿತು. ಮಕ್ಕಳ ವಸತಿಗೃಹ ನೋಡಿಕೊಳ್ಳುತ್ತಿದ್ದ ಆಂದ್ರೆಯ ಬಂಧು ಡೇನಿಯಲ್ ಟ್ರೊಕ್ಮೆ ತನ್ನ ಹುಡುಗರ ಜೊತೆಯೇ ಸೆರೆಯಾಗಿ 1944ರಲ್ಲಿ ಮಾಯ್ಡಾನೆಕ್ ಶಿಬಿರದಲ್ಲಿ ಸತ್ತ. ಊರಿನ ವೈದ್ಯ ರೋಜೆ ಲ ಫೊರೆಸ್ತಿಯೆಯನ್ನು ಅದೇ ವರ್ಷ ಆಗಸ್ಟಿನಲ್ಲಿ ಗುಂಡಿಟ್ಟು ಕೊಂದರು.

ಈ ಹಳ್ಳಿಗರಿಗೆ ಧೈರ್ಯ ಎಲ್ಲಿಂದ ಬಂತೆಂದು ಆಮೇಲೆ ಅಲ್ಲಿಗೆ ಹೋದವರೆಲ್ಲ ಕೇಳಿದ್ದಾರೆ. ಧೈರ್ಯದ ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕೇಳಿಸಿತು. ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯದೆ ಇನ್ನೇನು ಮಾಡಬೇಕಿತ್ತು ಎಂಬುದು ಅವರ ಉತ್ತರದ ಧಾಟಿ. ಇದನ್ನು ವಿನಯವೆಂದು ತಿಳಿದು ಮೆಚ್ಚಿ ಮುಂದೆ ಹೋದರೆ ವಿಷಯ ತಪ್ಪಿಹೋಗುತ್ತದೆ. 1685ರಲ್ಲಿ ಹದಿನಾಲ್ಕನೆಯ ಲೂಯಿ ಪ್ರಾಟೆಸ್ಟೆಂಟರ ಹಕ್ಕುಗಳನ್ನು ಕಿತ್ತುಕೊಂಡ ಮೇಲೆ ಇವರ ಪೂರ್ವಿಕರು ತಲೆಮಾರುಗಟ್ಟಲೆ ಕಾಡು ಮೇಡುಗಳಲ್ಲಿ ಕದ್ದು ಪ್ರಾರ್ಥನೆ ಮಾಡಿದವರು. ಮಾರೀ ಡ್ಯುರಾಂಡ್ ಎಂಬ ಹೆಂಗಸು ಮತ ಬಿಡಲೊಪ್ಪದೆ 1730ರಿಂದ 1768ರವರೆಗೆ, ಮೂವತ್ತೆಂಟು ವರ್ಷ, ಗೋಪುರವೊಂದರಲ್ಲಿ ಸೆರೆಯಿದ್ದದ್ದು ಇಂಥ ಊರುಗಳಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಇದರ ಮೇಲೆ ಮನೆಮನೆಯಲ್ಲಿ ಬೈಬಲ್ ಓದಿ ಚರ್ಚಿಸುವ ಚಿಕ್ಕ ಚಿಕ್ಕ ಗುಂಪುಗಳು. ಓಡಿಬಂದ ನಿರಪರಾಧಿಗೆ ಆಶ್ರಯ ಕೊಡುವ ಊರುಗಳ ಬಗ್ಗೆ ಹಳೆಯ ಒಡಂಬಡಿಕೆಯಲ್ಲಿರುವ ವಿಧಿ ಅವರಿಗೆ ಬರಿಯ ಓದಾಗಿರಲಿಲ್ಲ, ತಮ್ಮ ಊರಿಗೇ ಕೊಟ್ಟ ಆದೇಶವಾಗಿತ್ತು. ಸಂಕಟ ಬಂದ ಮೇಲೆ ಅವರು ಶ್ರದ್ಧೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಬೇರೆಯವರ ಸಂಕಟ ಅವರ ಮನೆ ಹುಡುಕಿಕೊಂಡು ಬಂದಾಗ ಶ್ರದ್ಧೆ ಆಗಲೇ ಕೆಲಸದಲ್ಲಿ ತೊಡಗಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಹಿಟ್ಲರನ ಜರ್ಮನಿಯೂ ಕ್ರೈಸ್ತ ದೇಶವೇ ಆಗಿತ್ತಲ್ಲ? ಅದೇ ಬೈಬಲ್ ಓದಿದ 'ಜರ್ಮನ್ ಕ್ರೈಸ್ತರು' ಎಂಬ ಗುಂಪು ಸ್ವಸ್ತಿಕದ ಬಾವುಟವನ್ನು ಚರ್ಚಿನೊಳಗೆ ತಂದು ನಿಲ್ಲಿಸಲಿಲ್ಲವೇ? ನಿಲ್ಲಿಸಿತು. ಅದನ್ನು ವಿರೋಧಿಸಿ 1934ರಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಘೋಷಣೆ ಹೊರಡಿಸಿದ ಚರ್ಚಿನವರು ಕೂಡ ಚರ್ಚಿನ ಸ್ವಾತಂತ್ರ್ಯದ ಬಗ್ಗೆ ಆಡಿದಷ್ಟು ಗಟ್ಟಿಯಾಗಿ ಯಹೂದಿಗಳ ಬಗ್ಗೆ ಮಾತಾಡಲಿಲ್ಲ. ಈ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ನೋಡಿದರೆ ಅದು ನನ್ನ ವಾದಕ್ಕೇ ಸಾಕ್ಷಿ. ಜರ್ಮನಿಯಲ್ಲಿ ಭಕ್ತಿಗೆ ಬರವಿರಲಿಲ್ಲ, ನೆಮ್ಮದಿ ಕೊಡುವ ಧರ್ಮ ಬೀದಿಬೀದಿಯಲ್ಲಿತ್ತು. ಆ ಧರ್ಮದ ರೋಗವನ್ನು ಡೀಟ್ರಿಕ್ ಬೊನ್‌ಹಾಫರ್ ಎಂಬ ಯುವ ಪಾದ್ರಿ 1937ರ ತನ್ನ ಪುಸ್ತಕದಲ್ಲಿ 'ಅಗ್ಗದ ಕೃಪೆ' ಎಂದು ಕರೆದ: ಏನನ್ನೂ ಕೇಳದೆ ಎಲ್ಲವನ್ನೂ ಕ್ಷಮಿಸಿಬಿಡುವ, ಬೆನ್ನು ತಟ್ಟಿ ಮನೆಗೆ ಕಳಿಸುವ ಧರ್ಮ. 1939ರಲ್ಲಿ ಅವನು ಅಮೆರಿಕ ತಲುಪಿದ್ದ, ಅಲ್ಲೇ ಸುರಕ್ಷಿತನಾಗಿ ಉಳಿಯಬಹುದಿತ್ತು. ತಿಂಗಳೊಪ್ಪತ್ತಿನಲ್ಲಿ ಜರ್ಮನಿಗೆ ಮರಳಿದ, 1943ರಲ್ಲಿ ಸೆರೆಯಾದ, 1945ರ ಏಪ್ರಿಲ್ 9ರಂದು, ಯುರೋಪಿನ ಯುದ್ಧ ಮುಗಿಯಲು ಇನ್ನೊಂದು ತಿಂಗಳಿದೆ ಎನ್ನುವಾಗ, ನೇಣಿಗೇರಿದ. ನೆಮ್ಮದಿಯ ಧರ್ಮ ಲಕ್ಷಾಂತರ ಜನರನ್ನು ಸುಮ್ಮನಾಗಿಸಿತು. ಕೇಳುವ ಧರ್ಮ ಬೆರಳೆಣಿಕೆಯ ಜನರನ್ನು ಎಬ್ಬಿಸಿತು. ಶ್ರದ್ಧೆ ತಾನು ಕಟ್ಟಿಕೊಂಡದ್ದಕ್ಕೆ ಬಲ ಕೊಡುತ್ತದೆ. ಬಾವುಟಕ್ಕೆ ಕಟ್ಟಿಕೊಂಡರೆ ಬಾವುಟಕ್ಕೆ, ಬಾಗಿಲಲ್ಲಿ ನಿಂತವನಿಗೆ ಕಟ್ಟಿಕೊಂಡರೆ ಅವನಿಗೆ. ಆದ್ದರಿಂದ ಯಾವುದೇ ಭಕ್ತಿಯನ್ನು ಅಳೆಯುವಾಗ ಭಕ್ತನಿಗೆ ಎಷ್ಟು ಶಾಂತಿ ಸಿಕ್ಕಿತೆಂದು ಕೇಳಿ ಉಪಯೋಗವಿಲ್ಲ. ಅವನ ಮೈಮೇಲೆ ಯಾರ ಭಾರ ಬಿತ್ತು ಎಂದು ಕೇಳಬೇಕು.

ನಾಸ್ತಿಕರಿಗೆ ಧೈರ್ಯವಿರಲಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇತ್ತು. ಫ್ರೆಂಚ್ ಪ್ರತಿರೋಧದಲ್ಲಿ ಪ್ರಾಣ ಕೊಟ್ಟ ಕಮ್ಯುನಿಸ್ಟರು ಬಹಳ ಮಂದಿ. ಮ್ಯಾಗ್ಡಾಗೂ ಗಂಡನ ದೇವಶಾಸ್ತ್ರದ ಚರ್ಚೆಗಳಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ನಮ್ಮಲ್ಲೇ ಸಾವಿತ್ರಿಬಾಯಿ ಫುಲೆಯವರನ್ನು ನೋಡಿ. 1873ರಲ್ಲಿ ಜೋತಿಬಾ ಕಟ್ಟಿದ ಸತ್ಯಶೋಧಕ ಸಮಾಜ ಪುರೋಹಿತರನ್ನು ದೂರವಿಟ್ಟಿತು, ಆದರೆ ಸೃಷ್ಟಿಕರ್ತನೊಬ್ಬನನ್ನು, ಅವನ ಮುಂದೆ ಎಲ್ಲ ಗಂಡು ಹೆಣ್ಣುಗಳೂ ಸಮಾನರೆಂಬುದನ್ನು ನಂಬಿತು. ಪುಣೆಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಓಡುತ್ತಿದ್ದರೆ ಸಾವಿತ್ರಿಬಾಯಿ ರೋಗಿಗಳ ಆರೈಕೆಗೆ ನಿಂತರು. ಪ್ಲೇಗ್ ತಗಲಿದ ಬಾಲಕನನ್ನು ಹೊತ್ತು ತಂದಾಗ ಸೋಂಕು ಅಂಟಿತೆಂದು ಹೇಳುತ್ತಾರೆ. 1897ರ ಮಾರ್ಚ್ 10ರಂದು ಅದೇ ರೋಗದಲ್ಲಿ ತೀರಿಕೊಂಡರು. ಅವರನ್ನು ಆಸ್ತಿಕರ ಪಟ್ಟಿಗೆ ಸೇರಿಸಬೇಕೋ ನಾಸ್ತಿಕರ ಪಟ್ಟಿಗೋ ಎಂಬ ಜಗಳ ನನಗೆ ಬೇಡ. ದೇವರನ್ನು ನಂಬಿದವರಿಗಷ್ಟೇ ಧೈರ್ಯ ಎಂದು ನಾನು ಹೇಳುತ್ತಿಲ್ಲ. ನಂಬಿಕೆ ಧೈರ್ಯವಾಗಿ ಮಾರ್ಪಟ್ಟ ಕಡೆಗಳಲ್ಲೆಲ್ಲ ಅದು ಹೊಣೆಯ ದಾರಿಯಲ್ಲೇ ಬಂದಿದೆ, ಸಮಾಧಾನದ ದಾರಿಯಲ್ಲಿ ಬಂದಿಲ್ಲ ಎಂಬುದಷ್ಟೇ ನನ್ನ ಮಾತು.

ಇನ್ನು ಮೂರನೆಯದು, ಉತ್ತರಿಸಲು ನಿಜಕ್ಕೂ ಕಷ್ಟವಾದದ್ದು. ಆಸ್ಪತ್ರೆಯ ತುರ್ತುನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕೂತು ರಾಯರ ಫೋಟೊ ಹಿಡಿದುಕೊಂಡ ತಾಯಿಗೆ ನೀನು ಹೊಣೆ ಹೊರು ಎಂದು ಬೋಧಿಸುತ್ತೀರಾ? ಇಲ್ಲ. ಆ ತಾಯಿಯ ಸಮಾಧಾನವನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪ್ಲೇಗಮ್ಮನಿಗೆ ಗುಡಿ ಕಟ್ಟಿದವರನ್ನು ನೋಡಿ ನಗುವವರ ಜೊತೆಗೆ ನಾನಿಲ್ಲ. ಔಷಧವೇ ಇಲ್ಲದ ರೋಗದೆದುರು ಅವರು ತಮ್ಮ ಭಯಕ್ಕೊಂದು ಹೆಸರಿಟ್ಟು ಕೈಮುಗಿದರು, ಅಷ್ಟೆ. ನನ್ನ ಸಿಟ್ಟು ಆ ತಾಯಿಯ ಮೇಲಲ್ಲ, ಅವಳಿಗೆ ಫಲದ ಭರವಸೆ ಕೊಟ್ಟವನ ಮೇಲೆ. ಏಕೆಂದರೆ ನಂಬಿದರೆ ಒಳ್ಳೆಯದಾಗುತ್ತದೆ ಎಂಬ ಮಾತಿಗೆ ಇನ್ನೊಂದು ಮಗ್ಗುಲಿದೆ: ಒಳ್ಳೆಯದಾಗದಿದ್ದರೆ ನಿನ್ನ ನಂಬಿಕೆಯಲ್ಲೇ ಏನೋ ಕೊರತೆಯಿತ್ತು. ಕೋವಿಡ್ ಹಾವಳಿಯ ಹೊತ್ತಿನಲ್ಲಿ, 2021ರ ಮೇ ತಿಂಗಳ ಮೊದಲ ವಾರ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ಸರ್ಕಾರವೇ ಒಪ್ಪಿದಂತೆ 24 ಜನ ಸತ್ತರು. ಅವರ ಮನೆಯವರಲ್ಲಿ ಹರಕೆ ಹೊತ್ತವರು ಇರಲಿಲ್ಲವೇ? ಅವರಿಗೆ ಬೇಕಾಗಿದ್ದದ್ದು ಸಿಲಿಂಡರು. ಅದರ ಲೆಕ್ಕ ಕೇಳುವ ಗಂಟಲನ್ನು ಕಟ್ಟುವುದಾದರೆ ಆ ಸಮಾಧಾನ ಕ್ರೌರ್ಯಕ್ಕೆ ಸಮ. ಅದೇ ದಿನಗಳಲ್ಲಿ ಸ್ವಂತ ಮಕ್ಕಳೇ ಮುಟ್ಟಲು ಹೆದರಿದ ಹೆಣಗಳನ್ನು, ಸತ್ತವರ ಜಾತಿ ಧರ್ಮ ಕೇಳದೆ, ಹೊತ್ತು ಸಂಸ್ಕಾರ ಮಾಡಿದ ತರುಣರ ಗುಂಪುಗಳು ನಮ್ಮ ಊರುಗಳಲ್ಲಿದ್ದವು. ಅವರಲ್ಲಿ ಎಷ್ಟೋ ಮಂದಿ ಮಸೀದಿಯ, ಚರ್ಚಿನ, ದೇವಸ್ಥಾನದ ಒಡನಾಟದಿಂದ ಬಂದವರು. ಸೋಂಕು ತಗಲುವುದಿಲ್ಲ ಎಂಬ ಭ್ರಮೆ ಅವರಿಗಿರಲಿಲ್ಲ, ಮೈಗೆ ನಿಲುವಂಗಿ, ಮುಖಕ್ಕೆ ಕವಚ ಹಾಕಿಕೊಂಡೇ ಇಳಿದರು. ಹೆಣಕ್ಕೆ ಮಣ್ಣು ಕೊಡುವುದು ಬದುಕಿದವರ ಋಣ ಎಂಬುದನ್ನು ಯಾರೋ ಅವರಿಗೆ ಬಹಳ ಹಿಂದೆಯೇ ಕಲಿಸಿದ್ದರು.

ಬದುಕಿಗೆ ಗುರಿ ಸಿಗಲಿ ಎಂದು ಧರ್ಮದ ಬಾಗಿಲಿಗೆ ಹೋಗುವವರು ಇಂದು ಹೆಚ್ಚಾಗಿದ್ದಾರೆ. ಆ ಬಾಗಿಲಲ್ಲಿ ಅವರಿಗೆ ಸಿಗುತ್ತಿರುವುದು ಬಹುತೇಕ ಅವರದೇ ಮನಸ್ಸಿನ ಉಪಚಾರ. ಉಸಿರಾಟ, ಧ್ಯಾನ, ಒಳಗಿನ ಶಾಂತಿ. ಉಸಿರಾಟಕ್ಕೆ ನನ್ನ ವಿರೋಧವಿಲ್ಲ, ರಕ್ತದೊತ್ತಡಕ್ಕೆ ಒಳ್ಳೆಯದಿರಬಹುದು. ಆದರೆ ತನ್ನನ್ನೇ ನೋಡಿಕೊಂಡು ಕೂತವನಿಗೆ ಗುರಿ ಎಲ್ಲಿಂದ ಹುಟ್ಟಬೇಕು? ಲಕ್ಕಮ್ಮನಿಗಾಗಲಿ ಮ್ಯಾಗ್ಡಾಗಾಗಲಿ ಗುರಿ ಹುಡುಕಲು ಪುರಸೊತ್ತೇ ಇರಲಿಲ್ಲ.

ಕೊನೆಗೆ ನಮ್ಮ ಮಠಗಳಿಗೆ, ಪ್ರವಚನಕಾರರಿಗೆ, ವಚನಗಳ ಹೆಸರಲ್ಲಿ ವೇದಿಕೆ ಹತ್ತುವ ಎಲ್ಲರಿಗೂ ಒಂದು ಮಾತು ನೇರವಾಗಿ ಕೇಳಬೇಕು. ಅನ್ನ ಅಕ್ಷರ ಕೊಟ್ಟು ತಲೆಮಾರುಗಳನ್ನು ಸಾಕಿದ ಮಠಗಳು ಈ ನಾಡಿನಲ್ಲಿವೆ, 2019ರ ನೆರೆಯಲ್ಲಿ ಉತ್ತರ ಕರ್ನಾಟಕದ ಸಂತ್ರಸ್ತರಿಗೆ ಅಂಗಳ ಬಿಟ್ಟುಕೊಟ್ಟವೂ ಇವೆ. ಅದನ್ನು ಮರೆಯಲಾಗದು. ಆದರೆ ಕಲ್ಯಾಣಕ್ಕೆ ಬೆಂಕಿ ಬಿದ್ದದ್ದು ಅನ್ನದಾನಕ್ಕಲ್ಲ, ಒಂದು ಮದುವೆಗೆ. ಎಂಟು ನೂರು ವರ್ಷ ಕಳೆದರೂ ಜಾತಿ ಮೀರಿ ಮದುವೆಯಾದ ಹುಡುಗ ಹುಡುಗಿಯರನ್ನು ಇದೇ ಕರ್ನಾಟಕದಲ್ಲಿ ಹೆತ್ತವರೇ ಕೊಲ್ಲುತ್ತಿದ್ದಾರೆ. ಅಂಥ ಜೋಡಿಯೊಂದು ಇಂದು ರಾತ್ರಿ ಜೀವ ಉಳಿಸಿಕೊಳ್ಳಲು ಓಡಿ ಬಂದು ನಿಮ್ಮ ಬಾಗಿಲು ತಟ್ಟಿದರೆ ತೆರೆಯುತ್ತೀರಾ? ಬೆಳಿಗ್ಗೆ ಆ ಊರಿನ ಪ್ರಬಲ ಜಾತಿಯ ಮುಖಂಡರು, ನಿಮಗೆ ದೇಣಿಗೆ ಕೊಡುವವರು, ಗುಂಪುಗೂಡಿ ಬಂದು ಅವರನ್ನು ನಮಗೊಪ್ಪಿಸಿ ಎಂದರೆ ಏನು ಹೇಳುತ್ತೀರಿ? ಕೆಲವು ಮಠಗಳು ಅಂತರ್ಜಾತಿ ಮದುವೆಗಳನ್ನು ಬಹಿರಂಗವಾಗಿಯೇ ಮಾಡಿಸಿವೆ. ಉಳಿದವು ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಬಾಗಿಲ ಮೇಲೆ ಬರೆದು ಹಾಕಲಿ. ಅಲ್ಲಿಯವರೆಗೆ ಧೈರ್ಯದ ಮೇಲಿನ ಪ್ರವಚನವನ್ನು ನಿಲ್ಲಿಸಲಿ.